ಸೋಡಿಯಂ ಎಂಆರ್‌ಐ ಮಾಪನ ಕೊಳವೆಗಳಲ್ಲಿ ಇನ್ನು ಉಪ್ಪುನೀರಿನ ಬದಲು ಅಗರೋಸ್ ಜೆಲ್

ಮಾನ್ಯ ಗ್ರಾಹಕರೇ,

ಎಂಆರ್‌ಐ ಸ್ಕ್ಯಾನರ್‌ನಲ್ಲಿ ಮೀನಖಂಡದ ಸ್ನಾಯುವಿನ ಸೋಡಿಯಂ ಅಳೆಯುವಾಗ ಹೋಲಿಕೆಗೆಂದು ಕಾಲಿನಡಿ ಇಡುವ, ಸೋಡಿಯಂ ಪ್ರಮಾಣ ಗೊತ್ತಿರುವ ನಮ್ಮ ಕೊಳವೆಗಳಲ್ಲಿ ಇದುವರೆಗೆ ಉಪ್ಪುನೀರು ಇರುತ್ತಿತ್ತು. ಮುಂದಿನ ಸೆಟ್‌ನಿಂದ ಶೇ. 5ರ ಅಗರೋಸ್ (ಕಡಲಪಾಚಿಯಿಂದ ತೆಗೆಯುವ ಪುಡಿ) ಜೆಲ್ ಇರುತ್ತದೆ. ಸಾಂದ್ರತೆ ಹಿಂದಿನದೇ: ಲೀಟರಿಗೆ 10, 20, 30, 40 ಮಿಲಿಮೋಲ್. ಉಪ್ಪು ಹಾಕದ ಒಂದು ಕೊಳವೆ ಹೊಸದಾಗಿ ಸೇರುತ್ತದೆ. ಅಗರೋಸ್ ಪುಡಿಯಲ್ಲೇ ಇರುವ ಅಲ್ಪ ಸೋಡಿಯಂ ಅದರಿಂದ ಗೊತ್ತಾಗುತ್ತದೆ.

ಸ್ನಾಯುವಿನ ಸೋಡಿಯಂ ಸಂಕೇತದಲ್ಲಿ ಸುಮಾರು ಶೇ. 60 ಭಾಗ ಕೆಲವೇ ಮಿಲಿಸೆಕೆಂಡುಗಳಲ್ಲಿ ಅಡಗಿಹೋಗುತ್ತದೆ. ಉಪ್ಪುನೀರಿನ ಸಂಕೇತ ಇಳಿಯಲು 50 ಮಿಲಿಸೆಕೆಂಡಿನ ಆಸುಪಾಸು ಬೇಕು. ಎಕೋ ಟೈಮ್ (ಸಂಕೇತ ಹುಟ್ಟಿಸಿದ ಮೇಲೆ ಅದನ್ನು ಅಳೆಯುವವರೆಗಿನ ಸಮಯ) 2 ಮಿಲಿಸೆಕೆಂಡ್ ಇದ್ದರೂ ಸ್ನಾಯು ಅಷ್ಟರಲ್ಲೇ ಒಂದು ಪಾಲು ಕಳೆದುಕೊಂಡಿರುತ್ತದೆ, ಕೊಳವೆ ಕಳೆದುಕೊಂಡಿರುವುದಿಲ್ಲ. ಹಾಗಾಗಿ ಕೊಳವೆಗೆ ಹೋಲಿಸಿ ಹಾಕಿದ ಸ್ನಾಯುವಿನ ಸೋಡಿಯಂ ಲೆಕ್ಕ ಕಡಿಮೆ ಬರುತ್ತದೆ. ರಿಪಿಟಿಷನ್ ಟೈಮ್ (ಒಂದು ಪ್ರಚೋದನೆಯಿಂದ ಮುಂದಿನದರವರೆಗಿನ ಸಮಯ) 100 ಮಿಲಿಸೆಕೆಂಡಿಗೆ ಇಳಿಸಿದರೆ ಉಪ್ಪುನೀರು ಪೂರ್ತಿ ಚೇತರಿಸಿಕೊಳ್ಳದೆ ಲೆಕ್ಕ ಮೇಲಕ್ಕೆ ಎಳೆಯುತ್ತದೆ. ಎರಡೂ ಒಟ್ಟಿಗೆ ಎಷ್ಟಾಗುತ್ತದೆ ಎಂಬುದು ನಿಮ್ಮ ಸೆಟಿಂಗ್ ಮೇಲಿದೆ. ಹಾಗಾಗಿ ಹಳೆಯ ಅಳತೆಗಳಿಗೆ ಎಲ್ಲರಿಗೂ ಒಗ್ಗುವ ಒಂದು ಗುಣಕ ಕೊಡಲು ಬರುವುದಿಲ್ಲ. ಜೆಲ್‌ನೊಳಗಿನ ಸೋಡಿಯಂ ಸ್ನಾಯುವಿನದಕ್ಕೆ ಹೆಚ್ಚು ಹತ್ತಿರವಾಗಿ ವರ್ತಿಸುತ್ತದೆ.

ಆಲ್ಡೋಸ್ಟಿರೋನ್ (ದೇಹದಲ್ಲಿ ಸೋಡಿಯಂ ಉಳಿಸುವ ಹಾರ್ಮೋನ್) ಹೆಚ್ಚಾಗಿ ರಕ್ತದೊತ್ತಡ ಏರಿದವರಲ್ಲಿ ಕೊಳವೆಯಿಂದ ಬರುವ ಈ ವ್ಯತ್ಯಾಸವನ್ನು ಕಡೆಗಣಿಸುವಂತಿಲ್ಲ. 2012ರಲ್ಲಿ ಜರ್ಮನಿಯ ಎರ್ಲಾಂಗೆನ್ ತಂಡ ಇಂಥವರ ಸ್ನಾಯುವಿನಲ್ಲಿ ಸೋಡಿಯಂ ಶೇ. 29 ಹೆಚ್ಚಿರುವುದನ್ನೂ ಚಿಕಿತ್ಸೆಯ ನಂತರ ಅದು ಇಳಿಯುವುದನ್ನೂ ತೋರಿಸಿತ್ತು. ಚಿಕಿತ್ಸೆಗೆ ಮುಂಚೆ ಉಪ್ಪುನೀರು, ಆಮೇಲೆ ಜೆಲ್ ಬಳಸಿದರೆ ಇಳಿದದ್ದು ರೋಗವೋ ಕೊಳವೆಯೋ ತಿಳಿಯದು. ಈಗಾಗಲೇ ಒಂದು ಬಾರಿ ಸ್ಕ್ಯಾನ್ ಆದ ರೋಗಿಗಳನ್ನು ದಯವಿಟ್ಟು ಹಳೆಯ ಸೆಟ್‌ನಲ್ಲೇ ಮುಗಿಸಿ. ಸಾಧ್ಯವಿದ್ದರೆ ಒಂದೇ ದಿನ ಎರಡೂ ಸೆಟ್ ಇಟ್ಟು ಅಳೆಯಿರಿ. ನಿಮ್ಮದೇ ಹೋಲಿಕೆ ಸಿಗುತ್ತದೆ.

ಜೆಲ್‌ಗೆ ಬೂಷ್ಟು ಹಿಡಿಯುತ್ತದೆಂದು ಕೆಡದಂತೆ ಕಾಯುವ ಸೋಡಿಯಂ ಅಜೈಡ್ ಬೆರೆಸಬೇಡಿ. ಶೇ. 0.02 ಹಾಕಿದರೂ ಲೀಟರಿಗೆ 3 ಮಿಲಿಮೋಲ್ ಸೋಡಿಯಂ ಸೇರಿ, 10ರ ಕೊಳವೆ 13 ಆಗುತ್ತದೆ. ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಡಿ, ಫ್ರೀಜರ್‌ನಲ್ಲಿ ಬೇಡ: ಹೆಪ್ಪುಗಟ್ಟಿ ಕರಗಿದ ಜೆಲ್ ನೀರು ಬಿಡುತ್ತದೆ. ಹಿಂದಿನ ರಾತ್ರಿಯೇ ಸ್ಕ್ಯಾನ್ ಕೋಣೆಗೆ ತಂದಿಟ್ಟರೆ ಅಲ್ಲಿನ ಉಷ್ಣತೆಗೆ ಬರುತ್ತದೆ. ಕೊಳವೆಯಲ್ಲಿ ಗುಳ್ಳೆ ಕಂಡರೆ, ಅಥವಾ ತೂಕ ಲೇಬಲ್‌ನಲ್ಲಿರುವುದಕ್ಕಿಂತ ಶೇ. 1ಕ್ಕೂ ಹೆಚ್ಚು ಇಳಿದಿದ್ದರೆ ನೀರು ಆರಿ ಉಪ್ಪಿನ ಸಾಂದ್ರತೆ ಹೆಚ್ಚಿದೆ ಎಂದರ್ಥ. ಅದನ್ನು ಬಳಸದೆ ವಾಪಸ್ ಕಳಿಸಿ, ಬದಲಿ ಕೊಡುತ್ತೇವೆ.

ಹಳೆಯ ಸೆಟ್ ಇನ್ನೂ ಬೇಕಾದವರು ಎಷ್ಟು ರೋಗಿಗಳ ಅಳತೆ ಬಾಕಿ ಇದೆಯೆಂದು ಬರೆದು ತಿಳಿಸಿ, ಅಷ್ಟಕ್ಕೆ ಸಾಲುವಷ್ಟು ತಯಾರಿಸಿ ಕೊಡುತ್ತೇವೆ.

ಇಂತಿ,
ತಯಾರಿಕಾ ವಿಭಾಗ