ಸಂಘಟನಾ ಸಿದ್ಧಾಂತದ ಪಾಠಕ್ಕೆ ಸಂವಿಧಾನ ಬೇಕು

ಮಾನ್ಯರೇ,

ಸಾರ್ವಜನಿಕ ಆಡಳಿತದ ವಿದ್ಯಾರ್ಥಿಗಳಿಗೆ ಸಂಘಟನಾ ಸಿದ್ಧಾಂತವನ್ನು, ಅಂದರೆ ಸಂಸ್ಥೆಗಳು ಹೇಗೆ ಕೆಲಸ ಮಾಡುತ್ತವೆ ಎಂಬ ಪಾಠವನ್ನು, ಸಂವಿಧಾನದ ತತ್ವಗಳ ಮೂಲಕವೇ ಬೋಧಿಸಬೇಕು. ಸಮಾಜಶಾಸ್ತ್ರಜ್ಞ ವೇಬರ್‌ನ ಅಧಿಕಾರ ಶ್ರೇಣಿ (ಯಾರು ಯಾರ ಮೇಲಧಿಕಾರಿ ಎಂಬ ಕ್ರಮ), ಕಾರ್ಖಾನೆ ಕೆಲಸವನ್ನು ಅಧ್ಯಯನ ಮಾಡಿದ ಎಂಜಿನಿಯರ್ ಟೇಲರ್‌ನ ದಕ್ಷತೆ ಪರೀಕ್ಷೆಗೆ ಬಾಯಿಪಾಠವಾಗುತ್ತವೆ. ಆದರೆ ಸರ್ಕಾರಿ ಕಚೇರಿ ಕಾರ್ಖಾನೆಯಲ್ಲ. ಅಲ್ಲಿ ದಕ್ಷತೆಯಷ್ಟೇ 14ನೇ ವಿಧಿಯ ಸಮಾನತೆಯೂ ಮುಖ್ಯ. ಪಿಂಚಣಿ ಅರ್ಜಿ ಹಿಡಿದು ನಿಂತ ಅಜ್ಜಿಗೆ ‘ನಾಳೆ ಬಾ’ ಎನ್ನುವ ನೌಕರನಿಗೆ ಶ್ರೇಣಿ ಗೊತ್ತು, ಆಕೆಯ ಹಕ್ಕು ಗೊತ್ತಿಲ್ಲ. ವಿಕೇಂದ್ರೀಕರಣ ಕಲಿಸಲು, ಪಂಚಾಯತ್‌ಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ, 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿಗಿಂತ ಒಳ್ಳೆಯ ಉದಾಹರಣೆ ಯಾವುದಿದೆ? ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಮ್ಮ ಗದಗದಲ್ಲೇ ಇದೆ. 1905ರಲ್ಲೇ ಸಹಕಾರ ಸಂಘ ಕಟ್ಟಿದ ಕಣಗಿನಹಾಳವೂ ಇದೇ ನೆಲದ್ದು. ಧಾರವಾಡ, ಗದಗ ಭಾಗದ ಕಾಲೇಜುಗಳು ಪ್ರತಿ ಸೆಮಿಸ್ಟರ್‌ ವಿದ್ಯಾರ್ಥಿಗಳನ್ನು ಒಂದು ಗ್ರಾಮಸಭೆಗೆ ಕರೆದೊಯ್ದು, ಕಂಡದ್ದನ್ನು ಸಂವಿಧಾನದ ವಿಧಿಗಳೊಡನೆ ಹೋಲಿಸಿ ಬರೆಸಲಿ, ಅದಕ್ಕೆ ಆಂತರಿಕ ಅಂಕವನ್ನೂ ಕೊಡಲಿ.

– ಓರ್ವ ಓದುಗ, ಗದಗ