ಮೆಟ್ಟಿಲು ಹತ್ತಿಸಿದವರಿಗೆ

ಹೋದ ಭಾನುವಾರ ಫಿಲಿಪ್ಪೀನ್ಸ್‌ನ ಲಿಪಾದಲ್ಲಿ, ನಾನು ಮದುವೆಯಾಗುವ ಹುಡುಗಿಯ ಅಪ್ಪ-ಅಮ್ಮನ ಮನೆಯಲ್ಲಿ, ನಮ್ಮ ಪಮಮನ್‌ಹಿಕಾನ್ ಮುಗಿಯಿತು. ‘ಪನ್‌ಹಿಕ್’ ಅಂದರೆ ಮೆಟ್ಟಿಲು ಹತ್ತುವುದು. ಹುಡುಗನ ಕಡೆಯವರು ಹುಡುಗಿಯ ಮನೆ ಮೆಟ್ಟಿಲು ಹತ್ತಿ ಹೆಣ್ಣು ಕೇಳಬೇಕು. ಅಡುಗೆಯನ್ನೂ ಅವರೇ ಹೊತ್ತು ತರಬೇಕು. ನಮ್ಮ ಕಡೆ ಗಂಡಿನವರು ಕೂತು ಉಪ್ಪಿಟ್ಟು, ಕೇಸರಿಬಾತ್ ತಿಂದು ‘ಊರಿಗೆ ಹೋಗಿ ತಿಳಿಸ್ತೀವಿ’ ಅಂತಾರಲ್ಲ, ಅದಕ್ಕೆ ಪೂರ್ತಿ ಉಲ್ಟಾ.

ರಾಯಭಾರ ಕಚೇರಿಯ ಪತ್ರಕ್ಕೆ ನನ್ನ ಜೊತೆ ಅಲೆದ ಮನಿಲಾದ ಗೆಳೆಯರಿಗೆ, ಸಕಲೇಶಪುರದಿಂದ ಅಮ್ಮನನ್ನು ಕರೆತಂದು ವಿಮಾನ ಹತ್ತಿಸಿದ ಚಿಕ್ಕಪ್ಪನಿಗೆ ತುಂಬಾ ಥ್ಯಾಂಕ್ಸ್. ಊಟ ಬಾಕಿ ಇದೆ, ಮರೆತಿಲ್ಲ.

ಉಳಿದದ್ದೆಲ್ಲ ನಮ್ಮ ಮನೆ ಓನರ್ ತೀತಾಗೆ. ಇಲ್ಲಿ ಚಿಕ್ಕಮ್ಮನ ವಯಸ್ಸಿನವರನ್ನೆಲ್ಲ ಹಾಗೇ ಕರೆಯುವುದು. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಆದರೂ ಬರೀತೀನಿ.

ಶನಿವಾರ ರಾತ್ರಿ ಅಮ್ಮ ‘ನಾನು ಬರಲ್ಲ’ ಅಂದಳು. ಮೊದಲು ಅಡುಗೆಯ ನೆಪ ಹೇಳಿದಳು. ಹನ್ನೊಂದರ ಹೊತ್ತಿಗೆ ನಿಜ ಹೊರಬಿತ್ತು. ‘ನಿಮ್ಮಪ್ಪ ಇದ್ದಿದ್ರೆ ಅವರು ಕೇಳ್ತಿದ್ರು. ಗಂಡ ಇಲ್ಲದವಳು ಇಂಥ ಕೆಲಸಕ್ಕೆ ಮುಂದೆ ಹೋಗ್ತಾಳಾ?’ ನಾನು ಕೂಗಾಡಿದೆ. ಆಮೇಲೆ ಬೀದಿಗೆ ಬಂದು ಅತ್ತೆ. ಅಪ್ಪ ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

ಸದ್ದು ಕೇಳಿ ತೀತಾ ಬಂದರು. ಒಂದು ಮಾತೂ ಕೇಳಲಿಲ್ಲ. ಒಳಗೆ ಹೋಗಿ ಕುಡ್ಕುರಾನ್ ತಂದು ನೆಲಕ್ಕಿಟ್ಟು, ಅದರ ಮೇಲೆ ಕೂತು ಕಾಯಿ ತುರಿಯತೊಡಗಿದರು. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ‘ನಮ್ಮ ತುರಿಮಣೆ ಅಲ್ವಾ ಇದು?’ ಅಂದಳು. ಅವತ್ತು ಅಮ್ಮ ಸುಮ್ನೆ ಆಡಿದ ಮೊದಲ ಮಾತು ಅದು.

ಎರಡು ಗಂಟೆಗೆ ತೀತಾ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಅವರ ಮಗನ ಪಮಮನ್‌ಹಿಕಾನ್. ಗಂಡ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತಂತೆ. ಕೆಂಪು ಬಟ್ಟೆ ಹಾಕಿ ಎಲ್ಲರಿಗಿಂತ ಮುಂದೆ ಅವರೇ ನಿಂತಿದ್ದಾರೆ. ಬೆರಳಿಂದ ತಮ್ಮನ್ನು ತೋರಿಸಿದರು, ಆಮೇಲೆ ಅಮ್ಮನನ್ನು. ಅಮ್ಮ ಸೆರಗಿಂದ ಮುಖ ಒರೆಸಿಕೊಂಡು, ‘ಬೆಲ್ಲ ಎಲ್ಲಿದೆ?’ ಎಂದು ಕನ್ನಡದಲ್ಲೇ ಕೇಳಿದಳು. ತೀತಾ ತೆಂಗಿನ ಚಿಪ್ಪಿನಾಕಾರದ ಪನುಚಾ ಅಚ್ಚು ತೆಗೆದುಕೊಟ್ಟರು. ಬೆಳಗಾಗುವಷ್ಟರಲ್ಲಿ ಅಮ್ಮನ ಕಾಯಿ ಒಬ್ಬಟ್ಟು, ತೀತಾರ ಬೀಕೋ ಅನ್ನೋ ಅಂಟಕ್ಕಿ ಸಿಹಿ ಎರಡೂ ತಯಾರು.

ಲಿಪಾದಲ್ಲಿ ಮೊದಲು ಮೆಟ್ಟಿಲು ಹತ್ತಿದ್ದು ಅಮ್ಮ. ಹುಡುಗಿ ಅವಳ ಕೈ ಹಿಡಿದು ತನ್ನ ಹಣೆಗೆ ಮುಟ್ಟಿಸಿಕೊಂಡಳು. ಅಮ್ಮ ಎಲ್ಲರೆದುರು ನಿಂತು, ‘ನಿಮ್ಮ ಮಗಳನ್ನು ನಮ್ಮ ಮನೆಗೆ ಕೊಡಿ’ ಅಂದಳು. ನಾನು ಬಾಯಿ ತೆರೆಯುವ ಮೊದಲೇ ತೀತಾ ಅದನ್ನು ಟಗಾಲೊಗ್‌ನಲ್ಲಿ ಹೇಳಿಬಿಟ್ಟರು! ‘ಹೂವಿನ ಹಾಗೆ ನೋಡ್ಕೋತೀವಿ’ ಅಂತ ತಾವೇ ಸೇರಿಸಿದರಂತೆ.

ಮಾವ ಬರಾಕೋ ಕಾಫಿ ಕೊಟ್ಟರು. ಅಮ್ಮ ಒಂದು ಗುಟುಕು ಕುಡಿದು, ಕಾಫಿಯ ಜಾತಿ ಗುರುತಿಸಿ ‘ಲಿಬೆರಿಕಾ’ ಅಂದಳು. ಅಲ್ಲಿಂದ ಮಾತು ಸಲೀಸಾಯಿತು. ಹುಡುಗಿಯ ಅಕ್ಕನ ಮದುವೆ ಈ ವರ್ಷವೇ ಆಗಿದೆ. ಒಡಹುಟ್ಟಿದವರಿಬ್ಬರು ಒಂದೇ ವರ್ಷ ಮದುವೆಯಾದರೆ ಸುಕೋಬ್, ಕೇಡು ಅಂತಾರೆ. ಹಾಗಾಗಿ ನಮ್ಮದು ಮುಂದಿನ ಜನವರಿ. ತೀತಾ ನಮ್ಮ ನಿನಾಂಗ್, ಅಂದರೆ ಮದುವೆಯ ಧರ್ಮತಾಯಿ, ಆಗಿ ನಿಲ್ಲುತ್ತಾರೆ.

ಅಮ್ಮ ನಿನ್ನೆ ಊರಿಗೆ ಹೊರಟಳು. ಕಾಫಿಪುಡಿ ಡಬ್ಬಿ ತೀತಾರ ಅಡುಗೆಮನೆಯಲ್ಲಿ ಬಿಟ್ಟಿದ್ದಾಳೆ. ಬೆಳಿಗ್ಗೆ ನೋಡಿದರೆ ತೀತಾ ಅದನ್ನು ಟೀ ಜಾಲರಿಯಲ್ಲಿ ಸೋಸುತ್ತಿದ್ದರು. ಜನವರಿಗೆ ಬರುವವರು ಯಾರಾದರೂ ಒಂದು ಫಿಲ್ಟರ್ ತನ್ನಿ.