ಭಾನುವಾರದ ಕಿತ್ತಳೆ ಕೇಕ್: ಮೊದಲೇ ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಅವರವರ ಮನೆಯಲ್ಲೇ ಕಿತ್ತಳೆ ಕೇಕ್ ಮಾಡುವುದು ಅಂತ ಆಯ್ತಲ್ವಾ, ಅಳತೆ ಇಲ್ಲಿದೆ. ಮೊಟ್ಟೆ ಬೇಡ ಅಂದವರೇ ಜಾಸ್ತಿ, ಹಾಗಾಗಿ ಮೊಸರು ಹಾಕಿ ಮಾಡುವುದು.

ಮೈದಾ ಒಂದೂವರೆ ಕಪ್, ಸಕ್ಕರೆ 1 ಕಪ್. ಗಟ್ಟಿ ಮೊಸರು, ವಾಸನೆ ಇಲ್ಲದ ಎಣ್ಣೆ, ಕಿತ್ತಳೆ ರಸ ಅರ್ಧರ್ಧ ಕಪ್. ಬೇಕಿಂಗ್ ಪೌಡರ್ 1 ಚಮಚ, ಅಡುಗೆ ಸೋಡಾ ಅರ್ಧ ಚಮಚ, ಚಿಟಿಕೆ ಉಪ್ಪು. ಚಮಚ ಅಂದರೆ ಟೀ ಚಮಚ!

ಘಮ ಬರುವುದು ರಸಕ್ಕಿಂತ ಜಾಸ್ತಿ ಸಿಪ್ಪೆಯಿಂದ. ಹಣ್ಣನ್ನು ಚೆನ್ನಾಗಿ ತೊಳೆದು, ಸುಲಿಯುವ ಮುಂಚೆಯೇ ಸಣ್ಣ ತುರಿಮಣೆಯಲ್ಲಿ ಮೇಲಿನ ಬಣ್ಣದ ಪದರ ಮಾತ್ರ ತುರಿಯಿರಿ. ಬಿಳಿ ಕಾಣಿಸಿದ ಕೂಡಲೇ ಹಣ್ಣು ತಿರುಗಿಸಿ, ಆ ಬಿಳಿ ಭಾಗ ಕಹಿ. ಹೋದ ಸಲ ನಾನು ಆಸೆಗೆ ಬಿದ್ದು ಪೂರ್ತಿ ತುರಿದಿದ್ದೆ. ಮಗ ಒಂದು ತುಂಡು ಬಾಯಿಗಿಟ್ಟು, "ಇದು ಹಾಗಲಕಾಯಿ ಕೇಕಾ ಅಮ್ಮ?" ಅಂದ. ತುರಿಯನ್ನು ಸಕ್ಕರೆ ಜೊತೆ ಬೆರಳ ತುದಿಯಲ್ಲಿ ತಿಕ್ಕಿ. ಸಕ್ಕರೆ ಒದ್ದೆ ಮರಳಿನ ಹಾಗಾಗಿ, ಬಣ್ಣ ತಿರುಗಿ, ಅಡುಗೆಮನೆಯೆಲ್ಲ ಘಮ್ ಅನ್ನುತ್ತದೆ.

ಸೋಡಾಕ್ಕೆ ಹುಳಿ ತಾಗಿದ ಕೂಡಲೇ ಗುಳ್ಳೆ ಏಳುತ್ತದೆ. ಆಮೇಲೆ ಫೋನ್‌ನಲ್ಲಿ ಮಾತಾಡುತ್ತಾ ನಿಂತರೆ ಕೇಕ್ ಉಬ್ಬುವುದಿಲ್ಲ. ಓವನ್ ಮೊದಲೇ 180 ಡಿಗ್ರಿಗೆ ಕಾಯಿಸಿ, ಕಲಸಿದ ತಕ್ಷಣ ಒಳಗಿಡಿ. 35ರಿಂದ 40 ನಿಮಿಷ. ಕುಕ್ಕರ್‌ನಲ್ಲಿ ಮಾಡುವವರು ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆಯಿರಿ, ನೀರು ಹಾಕಬೇಡಿ. ಸಣ್ಣ ಉರಿ, ಹತ್ತು ನಿಮಿಷ ಜಾಸ್ತಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು, ಅಷ್ಟೇ.

ಫೋಟೋ ಸಂಜೆ 5ರೊಳಗೆ ಹಾಕಿ. ತಳ ಸೀದಿದ್ದರೂ ಪರವಾಗಿಲ್ಲ, ಅದನ್ನೂ ಹಾಕಿ.